ಅಳಿಯನ ಸಿಗಾರು

"ಒಂದೇ ಒಂದು ಪೆಟ್ಟಿಗೆ ಸಾಕಂತೆ," ಅಂದ ಗೋಪಿ, ಇಡ್ಲಿನ ಸಾಂಬಾರಲ್ಲಿ ಮುಳುಗಿಸ್ತಾ. "ದುಬೈನಲ್ಲಿ ವಿಮಾನ ಬದಲಾಯಿಸ್ಬೇಕಲ್ಲ, ಅಲ್ಲಿ ಡ್ಯೂಟಿ ಫ್ರೀಲಿ ಸಿಗುತ್ತೆ, ತಗೊಂಡ್ಬನ್ನಿ ಮಾವ ಅಂದಿದ್ದಾನೆ ಅಳಿಯ. ಕ್ಯೂಬಾದ್ದೇ ಆಗ್ಬೇಕಂತೆ."

"ಸೇದ್ತಾನಾ?" ಅಂದೆ.

"ಛೆ ಛೆ! ಅವನಿಗೆ ಊದುಬತ್ತಿ ಹೊಗೇನೇ ಆಗಲ್ಲ."

ಶಾಮಣ್ಣ ಕಾಫಿ ಲೋಟ ಕೆಳಗಿಟ್ಟ. ಗಾಂಧಿಬಜಾರಿನ ಆ ದರ್ಶಿನಿಯಲ್ಲಿ ಶಾಮಣ್ಣ ಲೋಟ ಕೆಳಗಿಟ್ಟ ಅಂದ್ರೆ ಮುಂದಿನ ಅರ್ಧ ಗಂಟೆ ಬೇರೆಯವರಿಗೆ ಮಾತಿಲ್ಲ.

"ಇದೇ ನೋಡು ನನಗೆ ಉರಿಯೋದು. ಮನೇಲಿ ಸಾಂಬ್ರಾಣಿ ಹಾಕಿದ್ರೆ ಅಲರ್ಜಿ ಅಂತ ಕಿಟಕಿ ತೆಗೀತಾರೆ. ಶನಿವಾರ ರಾತ್ರಿ ಅದೇ ಹುಡುಗರು ಕುಂಬಳಕಾಯಿ ಮಿಡಿ ಗಾತ್ರದ ಸಿಗಾರ್ ಬಾಯಲ್ಲಿಟ್ಕೊಂಡು ಫೋಟೋ ಹಾಕ್ತಾರೆ. ಅದನ್ನಿಡೋಕೆ ಮರದ ಪೆಟ್ಟಿಗೆ, ಒಳಗೆ ತೇವ ಅಳೆಯೋ ಮೀಟರು, ಶೇಕಡಾ 70ರ ಆಸುಪಾಸಲ್ಲೇ ಇರ್ಬೇಕಂತೆ! ಹೆತ್ತಮ್ಮನ ಬಿಪಿ ಎಷ್ಟಿದೆ ಅಂತ ಕೇಳು, ಗೊತ್ತಿರಲ್ಲ."

"ಈಗ ನನ್ನ ಅಳಿಯನ ವಿಷಯ..."

"ಅಲ್ಲಿಗೇ ಬಂದೆ. ನೀನು ಹೋಗ್ತಿರೋದು ನ್ಯೂಜೆರ್ಸಿಗೆ. ಕ್ಯೂಬಾದ ಸಿಗಾರ್ ಅಲ್ಲಿಗೆ ಒಂದೂ ಒಯ್ಯೋ ಹಾಗಿಲ್ಲ."

"ನಾನೇನು ಕ್ಯೂಬಾಗೆ ಹೋಗಿದ್ನಾ? ದುಬೈ ಬಿಲ್ ಇರುತ್ತೆ."

"ಬಿಲ್ ಯಾವೂರಿನದು ಅಂತ ಕೇಳಲ್ಲ ಕಣಯ್ಯ, ಎಲೆ ಯಾವೂರಿನದು ಅಂತ ಕೇಳ್ತಾರೆ. ಒಬಾಮ ಸ್ವಲ್ಪ ಸಡಿಲ ಮಾಡಿದ್ದ. 2016ರಲ್ಲಿ ಸ್ವಂತಕ್ಕೆ ತರ್ಬಹುದು ಅಂತಾಯ್ತು. 2020ರಲ್ಲಿ ಟ್ರಂಪ್ ಸರ್ಕಾರ ಮತ್ತೆ ಬಾಗಿಲು ಹಾಕ್ತು."

"ಮೊದಲು ಹಾಕಿದ್ದು ಯಾರು ಸಾರ್?" ಅಂದ ಮಂಜ.

"ಕೆನಡಿ. 1962. ಅದರ ಕತೆ ಕೇಳು. ಸಹಿ ಹಾಕೋ ಹಿಂದಿನ ಸಂಜೆ ತನ್ನ ಪತ್ರಿಕಾ ಕಾರ್ಯದರ್ಶಿ ಸಾಲಿಂಜರ್‌ನ ಕರೆದು, ನಾಳೆ ಬೆಳಗ್ಗೆಯೊಳಗೆ ನನಗೆ ಸಾವಿರ ಕ್ಯೂಬಾ ಸಿಗಾರ್ ಬೇಕು ಅಂದ. ಆಸಾಮಿ ಊರೆಲ್ಲ ಅಲೆದು 1,200 ತಂದ. ಎಣಿಕೆ ಕೇಳಿ ಖುಷಿಯಾಗಿ, ಡ್ರಾಯರ್‌ನಿಂದ ಕಾಗದ ತೆಗೆದು ನಿಷೇಧಕ್ಕೆ ಸಹಿ ಹಾಕಿದ. ಸಾಲಿಂಜರೇ ಆಮೇಲೆ ಹೇಳ್ಕೊಂಡಿರೋ ಮಾತಿದು. ನಮ್ಮಲ್ಲೂ ಹಾಗೇ ತಾನೆ, ಬಾವಿಗೆ ಬೀಗ ಹಾಕೋನು ಮೊದಲು ತನ್ನ ಹಂಡೆ ತುಂಬಿಸ್ಕೋತಾನೆ."

ಮಂಜನಿಗೆ ಉಪಾಯ ಹೊಳೀತು. "ಗೋಪಿ ಸಾರ್, ಸಿಗಾರಿಗೆ ಸುತ್ತಿರೋ ಪಟ್ಟಿ ಕಿತ್ತುಬಿಡಿ. ಯಾವೂರಿನದು ಅಂತ ಹೇಗೆ ಗೊತ್ತಾಗುತ್ತೆ?"

"ಪಟ್ಟಿ ಕಿತ್ತ ಸಿಗಾರ್ ಕಂಡ್ರೆ ಅವರ ಅನುಮಾನ ಇನ್ನೂ ಜಾಸ್ತಿ. ಅದಿರ್ಲಿ, ಪಟ್ಟಿ ಇಲ್ದೆ ಅಳಿಯ ಅದನ್ನಿಟ್ಕೊಂಡು ಏನ್ಮಾಡ್ತಾನೆ? ಸೇದಲ್ಲ, ತೋರಿಸ್ಬೇಕು. ಪಟ್ಟಿ ಹೋದ್ರೆ ಪಿರಿಯಾಪಟ್ಟಣದ ಸಂತೆ ಚುಟ್ಟಕ್ಕೂ ಅದಕ್ಕೂ ಏನಯ್ಯಾ ವ್ಯತ್ಯಾಸ?"

"ಹಾಗಾದ್ರೆ ಪಟ್ಟಿ ಮಾತ್ರ ಒಯ್ದು, ಅಲ್ಲಿನ ಸಿಗಾರಿಗೆ ಸುತ್ತಿದ್ರೆ?"

"ಭೇಷ್! ಚುಟ್ಟಾನ ನಮ್ಮ ಕೈಲೇ ಬಿಟ್ಟು ದೊಡ್ಡಸ್ತಿಕೆ ಮಾತ್ರ ರಫ್ತು ಮಾಡೋದು. ನಿನ್ನ ನವೋದ್ಯಮಕ್ಕೆ ನಾಳೆನೇ ಯಾರಾದ್ರೂ ದುಡ್ಡು ಹಾಕ್ತಾರೆ ಹೋಗು."

"ಸಿಕ್ಕಿಬಿದ್ರೆ ಏನು ಮಾಡ್ತಾರೆ?" ಗೋಪಿ ದನಿ ಸಣ್ಣಗಾಗಿತ್ತು.

"ಇದೆ ಅಂತ ನೀನೇ ಫಾರಂನಲ್ಲಿ ಬರೆದ್ರೆ ಪೆಟ್ಟಿಗೆ ಕಿತ್ಕೋತಾರೆ, ದಂಡದ ಕಾಗದ ಬಂದ್ರೂ ಬರಬಹುದು. ಇಲ್ಲ ಅಂತ ಬರೆದು ಸಿಕ್ಕಿಬಿದ್ಯೋ, ಅದು ಸುಳ್ಳು ಹೇಳಿದ ಕೇಸು. ಮೊಮ್ಮಗನ ಮುಖ ನೋಡೋ ವೀಸಾಗೇ ಕುತ್ತು. ತಮಾಷೆ ಅಂದ್ರೆ, ಅದೇ ಪೆಟ್ಟಿಗೆನ ನೀನು ದೇವನಹಳ್ಳಿಯಲ್ಲಿ ಇಳಿಸಿದ್ರೆ ಯಾರೂ ಏನೂ ಕೇಳಲ್ಲ. ಸುಂಕವಿಲ್ಲದೆ 25 ಸಿಗಾರ್ ತರಬಹುದು ಅಂತ ನಮ್ಮ ಬ್ಯಾಗೇಜ್ ನಿಯಮವೇ ಇದೆ."

"ಹಾಗಾದ್ರೆ ಬರೋವಾಗ ನನಗೊಂದು ವೇಪ್ ತಂದ್ಬಿಡಿ ಸಾರ್," ಅಂದ ಮಂಜ.

"ತರ್ಲಿ ತರ್ಲಿ. ವೇಪ್ ಅಂದ್ರೆ ಇ-ಸಿಗರೇಟು ಕಣಯ್ಯ, 2019ರಿಂದ ನಮ್ಮಲ್ಲಿ ಪೂರ್ತಿ ನಿಷೇಧ, ತರೋದೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಹೋಗುವಾಗ ಅವರು ಹಿಡೀಲಿ, ಬರುವಾಗ ನಮ್ಮವರು ಹಿಡೀಲಿ. ಪಾಪ, ಗೋಪಿ ಹುಟ್ಟಿದಾಗಿಂದ ಒಂದು ಬೀಡಿ ಹಚ್ಚಿದೋನಲ್ಲ!"

ನಾವೆಲ್ಲ ನಕ್ಕೆವು. ಗೋಪಿ ನಗಲಿಲ್ಲ. ತಟ್ಟೇಲಿ ಉಳಿದ ಸಾಂಬಾರು ನೋಡ್ತಾ ಅಂದ: "ಮದುವೆ ಆದಾಗಿಂದ ಅವನು ನನ್ನನ್ನ ಏನೂ ಕೇಳಿರ್ಲಿಲ್ಲ ಕಣೋ. ಹೋದ ಸಲ ಚಟ್ನಿಪುಡಿ, ಹಪ್ಪಳ, ರಾಗಿಹಿಟ್ಟು ಎಲ್ಲ ಹೊತ್ಕೊಂಡು ಹೋಗಿದ್ದೆ. 'ಯಾಕೆ ಮಾವ ಇಷ್ಟು ಕಷ್ಟ, ಎಲ್ಲಾ ಇಲ್ಲೇ ಎಡಿಸನ್ ಊರಿನ ಅಂಗಡೀಲೇ ಸಿಗುತ್ತಲ್ಲ' ಅಂದ. ನಿಜವಾಗ್ಲೂ ಸಿಗುತ್ತೆ, ನಮ್ಮ ಬಸವನಗುಡಿಗಿಂತ ಚೆನ್ನಾಗಿರೋದೇ. ಅಲ್ಲಿ ಸಿಗದೇ ಇರೋದು ಅಂತ ಈಗ ಒಂದು ಕೇಳಿದ್ದ."

ಶಾಮಣ್ಣನಿಗೂ ಒಂದು ಕ್ಷಣ ಮಾತು ಸಿಗಲಿಲ್ಲ. ತಣ್ಣಗಾದ ಕಾಫಿನೇ ಎತ್ತಿ ಕುಡಿದ.

"ಮಾವಿನಹಣ್ಣು ಒಯ್ಯಿರಿ ಸಾರ್," ಅಂದ ಮಂಜ, ಮೆಲ್ಲಗೆ. "ನಮ್ಮ ಬಾದಾಮಿ."

"ಚೀಲದಲ್ಲಿ ಹಣ್ಣು ಬಿಡಲ್ಲ."

"ಕರಿಬೇವು?"

"ಅದನ್ನೂ ಬಿಡಲ್ಲ. ಎಲೇಲಿ ಹುಳ ಬರುತ್ತಂತೆ, ಅವರ ಕಿತ್ತಳೆ ತೋಟಕ್ಕೆ ರೋಗ ಹತ್ತುತ್ತಂತೆ."

"ಹಾಗಾದ್ರೆ ಕೈಬೀಸ್ಕೊಂಡು ಹೋಗ್ಲಾ?" ಅಂದ ಗೋಪಿ.

"ಹೋಗು, ಕಾನೂನು ಪ್ರಕಾರ ಅದೇ ಸರಿ," ಅಂದ ಶಾಮಣ್ಣ. "ಆದ್ರೆ ಅದೂ ಸುಲಭ ಅಂದ್ಕೋಬೇಡ. ಇಂಡಿಯಾದ ಮಾವ, ಮಗಳ ಮನೆಗೆ ಹೋಗ್ತಿದ್ದಾನೆ, ಬ್ಯಾಗಲ್ಲಿ ಏನೂ ಇಲ್ಲ ಅಂದ್ರೆ ಯಾವ ಅಧಿಕಾರಿ ನಂಬ್ತಾನೆ? ಎರಡೆರಡು ಸಲ ಜಾಲಾಡ್ತಾರೆ ನೋಡ್ತಿರು."