ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಮತ್ತೊಂದು ಧ್ವಜಾರೋಹಣ ಯಾಕೆ?

ಮಂಡ್ಯದ_ಹುಡುಗಿ:
ಕೆಲಸದ ಮೇಲೆ ಈ ವರ್ಷ ಕಲಬುರಗಿಗೆ ಬಂದಿದ್ದೇನೆ. ಆಗಸ್ಟ್ 15ಕ್ಕೆ ಆಫೀಸಿನಲ್ಲಿ ಧ್ವಜ ಹಾರಿಸಿ ಸಿಹಿ ಹಂಚಿದ್ದಾಯ್ತು. ಈಗ ಸೆಪ್ಟೆಂಬರ್ 17ಕ್ಕೂ ಬೆಳಗ್ಗೆ ಬೇಗ ಬನ್ನಿ, ಧ್ವಜಾರೋಹಣ ಇದೆ ಅಂತ ಸುತ್ತೋಲೆ ಬಂದಿದೆ. ಕಲ್ಯಾಣ ಕರ್ನಾಟಕ ಉತ್ಸವ ಅಂತೆ. ನಿಜಾಮ, ರಜಾಕಾರ ಅಂತ ಶಾಲೆಯಲ್ಲಿ ಒಂದು ಪ್ಯಾರಾ ಓದಿದ್ದು ಬಿಟ್ಟರೆ ನನಗೆ ಹೆಚ್ಚು ಗೊತ್ತಿಲ್ಲ. ಆ ದಿನ ಏನಾಯ್ತು? ನವೆಂಬರ್ 1 ಇದೆಯಲ್ಲ, ಇದು ಬೇರೆ ಯಾಕೆ? ಈ ಕಡೆಯವರು ಯಾರಾದ್ರೂ ಹೇಳಿ.

ಬೀದರ್_ಕೋಟೆ:
ಮೊದಲು ಒಂದು ವಿಷಯ. 1947ರ ಆಗಸ್ಟ್ 15 ನಿಮ್ಮ ಮಂಡ್ಯಕ್ಕೆ ಹೇಗೋ ಏನೋ, ನಮಗಂತೂ ಸ್ವಾತಂತ್ರ್ಯದ ದಿನ ಆಗಿರಲಿಲ್ಲ. ಬೀದರ್, ಗುಲ್ಬರ್ಗ, ರಾಯಚೂರು ಮೂರೂ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರುವುದಿಲ್ಲ ಅಂತ ಕೂತಿದ್ದರು. ಅವರದ್ದೇ ಹಾಲಿ ಸಿಕ್ಕಾ ನಾಣ್ಯ, ಅವರದ್ದೇ ರೈಲು, ಅವರದ್ದೇ ಅಂಚೆ, ಆಡಳಿತ ಉರ್ದುವಿನಲ್ಲಿ. ಆ ವರ್ಷ ನವೆಂಬರ್ 29ಕ್ಕೆ ದಿಲ್ಲಿ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯ್ತು. ಸುಮ್ನೆ ಕಾಲ ತಳ್ಳುವ ಒಪ್ಪಂದ, ಅಷ್ಟೇ.

ಅಷ್ಟರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆಯವರು, ಹಳ್ಳಿ ಹಳ್ಳಿಗೆ ನುಗ್ಗಲು ಶುರು ಮಾಡಿದ್ದರು. ಬಸವಕಲ್ಯಾಣದ ಹತ್ತಿರ ಗೋರಟಾ ಅಂತ ಊರಿದೆ. 1948ರ ಮೇ ತಿಂಗಳಲ್ಲಿ ಅಲ್ಲಿ ಇನ್ನೂರಕ್ಕೂ ಜಾಸ್ತಿ ಜನರನ್ನು ಕೊಂದರು ಅಂತ ಹೇಳ್ತಾರೆ. ಈಗ ಅಲ್ಲಿ ಸ್ಮಾರಕ ಇದೆ, ಬಿಡುವಾದಾಗ ಹೋಗಿ ಬನ್ನಿ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಮೇಜರ್ ಜನರಲ್ ಚೌಧರಿಯವರ ನೇತೃತ್ವದಲ್ಲಿ ಸೊಲ್ಲಾಪುರ ಕಡೆಯಿಂದ ಒಳಗೆ ಬಂತು, ನಳದುರ್ಗ ಮೊದಲ ದಿನವೇ ಕೈಗೆ ಬಂತು. 17ಕ್ಕೆ ನಿಜಾಮ ಕದನವಿರಾಮ ಅಂದರು. ಐದೇ ದಿನ. ಅದಕ್ಕೆ ‘ಆಪರೇಷನ್ ಪೋಲೋ’ ಅಂತ ಹೆಸರು, ಆದರೆ ಈ ಕಡೆ ಯಾರೂ ಹಾಗೆ ಅನ್ನಲ್ಲ, ‘ಪೊಲೀಸ್ ಆಕ್ಷನ್’ ಅಂತಾರೆ. ನಮ್ಮ ಅಜ್ಜಿ ಊರಿನವರ ವಯಸ್ಸು ಹೇಳುತ್ತಿದ್ದದ್ದೂ ಇದೇ ಲೆಕ್ಕದಲ್ಲಿ, ಪೊಲೀಸ್ ಆಕ್ಷನ್ ಆದಾಗ ಅವನು ತೊಟ್ಟಿಲಲ್ಲಿದ್ದ, ಇವನು ದನ ಕಾಯ್ತಿದ್ದ ಅಂತ.

ತುಂಗಭದ್ರಾ_ದಂಡೆ:
ಬೀದರಿನವರು ಸೈನ್ಯದ ಕಥೆ ಹೇಳಿದರು. ಅದಕ್ಕಿಂತ ಮೊದಲು ಒಂದು ವರ್ಷ ಜನರೇ ಹೋರಾಡಿದ್ದನ್ನು ಬಿಟ್ಟರೆ ಹೇಗೆ? ಪ್ರತಿ ವರ್ಷ ಭಾಷಣಗಳಲ್ಲಿ ಪಟೇಲರ ಹೆಸರು ಹತ್ತು ಸಲ ಬರುತ್ತೆ, ಸ್ವಾಮಿ ರಮಾನಂದ ತೀರ್ಥರ ಹೆಸರು ಒಂದು ಸಲ ಬಂದರೆ ದೊಡ್ಡದು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಿ ಬೆಳೆಸಿದವರು, ಸಿಂದಗಿಯಲ್ಲಿ ಹುಟ್ಟಿದವರು. ‘ಭಾರತಕ್ಕೆ ಸೇರಿ’ ಅಂತ ಚಳವಳಿ ಮಾಡಿದ್ದಕ್ಕೆ ಜೈಲು.

ನಿಜಾಮನ ಗಡಿಯ ಆಚೆ, ಅಂದರೆ ಮುಂಬಯಿ ಪ್ರಾಂತ್ಯದ ಕಡೆ, ಶಿಬಿರಗಳಿದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂದಾಳು. ಗಜೇಂದ್ರಗಡದಲ್ಲೂ ಒಂದಿತ್ತು. ಹುಡುಗರು ರಾತ್ರಿ ಗಡಿ ದಾಟಿ ಬಂದು ಪೊಲೀಸ್ ಠಾಣೆ, ಸುಂಕದ ಕಟ್ಟೆಗಳ ಮೇಲೆ ಬಿದ್ದು ವಾಪಸ್ ಹೋಗುತ್ತಿದ್ದರು. ಕೊಪ್ಪಳ ಕಡೆ ಹಳಬರ ಮನೆಗಳಲ್ಲಿ ಈ ಕಥೆಗಳು ಇನ್ನೂ ಇವೆ, ಬರೆದಿಡುವವರು ಬೇಕು.

ಅಂದ ಹಾಗೆ ಮಂಡ್ಯದವರೇ, ಪೊಲೀಸ್ ಆಕ್ಷನ್‌ನ ಮೊದಲ ದಿನ ಹೊಸಪೇಟೆಯ ಸಕ್ಕರೆ ಕಾರ್ಖಾನೆಯನ್ನು ರಜಾಕಾರರಿಂದ ಬಿಡಿಸಿಕೊಂಡದ್ದು ನಿಮ್ಮ ಮೈಸೂರು ಪಡೆ. ಸಂಬಂಧ ಇಲ್ಲ ಅಂದ್ಕೋಬೇಡಿ!

ಹಳೇ_ಪೇಪರ್:
17 ಅನ್ನೋದೂ ಪೂರ್ತಿ ಸರಿ ಅಂತಲ್ಲ. ನಿಜಾಮನ ಸೇನಾಪತಿ ಎಲ್ ಎದ್ರೂಸ್ ಚೌಧರಿಯವರ ಮುಂದೆ ಶರಣಾದದ್ದು 18ಕ್ಕೆ. ಇರಲಿ, ತಾರೀಖಿನ ಜಗಳ ದೊಡ್ಡದಲ್ಲ.

ದೊಡ್ಡದು ಅಂದರೆ, ಉತ್ಸವದ ವೇದಿಕೆಯಲ್ಲಿ ಯಾರೂ ಹೇಳದ ಭಾಗ. ಸೈನ್ಯ ಬಂದ ಮೇಲೆ ಸೇಡಿನ ಹೆಸರಲ್ಲಿ ಮುಸ್ಲಿಮರ ಮೇಲೆ ದಾಳಿಗಳಾದವು. ರಜಾಕಾರರಿಗೂ ಇವರಿಗೂ ಏನೂ ಸಂಬಂಧ ಇಲ್ಲದ ಎಷ್ಟೋ ಮನೆಗಳು ಹಾಳಾದವು. ನೆಹರೂ ಸರ್ಕಾರವೇ ಕಳಿಸಿದ ಸುಂದರ್‌ಲಾಲ್ ಸಮಿತಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ ಎರಡೂ ಇವೆ. ವರದಿಯನ್ನು ದಶಕಗಟ್ಟಲೆ ಹೊರಗೆ ಬಿಡಲಿಲ್ಲ. ಗೋರಟಾ ನೆನೆಯುವಾಗ ಇದನ್ನೂ ನೆನೆಯಬೇಕು, ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಇತಿಹಾಸ ಅಲ್ಲ, ಪ್ರಚಾರ.

ಇನ್ನು ನಿಜಾಮ? ಅವರು 1956ರ ತನಕ ರಾಜಪ್ರಮುಖರಾಗಿ, ಅಂದರೆ ರಾಜ್ಯಪಾಲರಂಥ ಹುದ್ದೆಯಲ್ಲಿ, ಆರಾಮಾಗಿದ್ದರು. ರಜ್ವಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ.

ಬೀದರ್_ಕೋಟೆ:
ಸುಂದರ್‌ಲಾಲ್ ವರದಿ ಬಗ್ಗೆ ಒಪ್ಪುತ್ತೇನೆ. ಆದರೆ ಅದಕ್ಕಾಗಿ ಆಚರಣೆಯೇ ಬೇಡ ಅನ್ನುವವರೂ ಇದ್ದಾರೆ, ಅದನ್ನು ಒಪ್ಪಲ್ಲ. ಸಂಸ್ಥಾನ ಮೂರು ರಾಜ್ಯಗಳಿಗೆ ಹಂಚಿಹೋಯ್ತು. ಮಹಾರಾಷ್ಟ್ರದವರು ಇದನ್ನೇ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ ಅಂತಾರೆ. ತೆಲಂಗಾಣದಲ್ಲಿ ಪಕ್ಷಕ್ಕೊಂದು ಹೆಸರು. ನಮ್ಮಲ್ಲೇ ಗದ್ದಲ ಕಡಿಮೆ.

ನವೆಂಬರ್ 1ರ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ ಅಲ್ವಾ? 1948ರಲ್ಲಿ ನಾವು ಭಾರತಕ್ಕೆ ಬಂದೆವು, ಕರ್ನಾಟಕಕ್ಕಲ್ಲ. ಮುಂದಿನ ಎಂಟು ವರ್ಷ ಹೈದರಾಬಾದ್ ರಾಜ್ಯದಲ್ಲೇ ಇದ್ದು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿದೆವು. ಹಾಗಾಗಿ ಎರಡನ್ನೂ ಆಚರಿಸ್ತೇವೆ.

ಮಂಡ್ಯದ_ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ. ಇನ್ನೊಂದು ಡೌಟು. ಕಲ್ಯಾಣ ಕರ್ನಾಟಕ ಅಂದರೆ ಏಳು ಜಿಲ್ಲೆ ಅಂತ ಸುತ್ತೋಲೆಯಲ್ಲಿದೆ, ಬಳ್ಳಾರಿ, ವಿಜಯನಗರ ಸೇರಿ. ಬಳ್ಳಾರಿಯೂ ನಿಜಾಮನದ್ದೇ?

ತುಂಗಭದ್ರಾ_ದಂಡೆ:
ಒಂದು ಕಾಲಕ್ಕೆ ಹೌದು. 1800ರಲ್ಲೇ ನಿಜಾಮ ಅದನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಾಗಿತ್ತು. ಆಮೇಲೆ ಮದ್ರಾಸ್ ಪ್ರಾಂತ್ಯ, 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ. ಅದಕ್ಕೇ ತುಂಗಭದ್ರಾ ಅಣೆಕಟ್ಟು ಶುರುವಾದಾಗ ನದಿಯ ಒಂದು ದಂಡೆ ಮದ್ರಾಸಿನದ್ದು, ಇನ್ನೊಂದು ನಿಜಾಮನದ್ದು. ಬಳ್ಳಾರಿ ಈ ಪಟ್ಟಿಗೆ ಬಂದದ್ದು ಹಿಂದುಳಿದ ಭಾಗ ಅನ್ನುವ ಲೆಕ್ಕದಲ್ಲಿ, ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯಲ್ಲೂ ಸೇರಿತು. ವಿಜಯನಗರ ಬಳ್ಳಾರಿಯಿಂದಲೇ ಒಡೆದ ಜಿಲ್ಲೆ. ನೌಕರಿ, ಮೆಡಿಕಲ್ ಸೀಟು ವಿಷಯ ಬಂದರೆ ಅವರೂ ಕಲ್ಯಾಣದವರೇ, ರಜಾಕಾರರ ಕಥೆ ಕೇಳಿದರೆ ಮಾತ್ರ ಹೊಳೆಯ ಆಚೆ ಕಡೆ ಕೈ ತೋರಿಸ್ತಾರೆ.