ಅಪ್‌ಡೇಟ್: ಆರೇ ದಿನಕ್ಕೆ ಕೆಟ್ಟ ಮಿಕ್ಸಿಯ ಕತೆ

ಉಡುಪಿಯಲ್ಲಿ ತಗೊಂಡ ಹೊಸ ಮಿಕ್ಸಿ ಆರೇ ದಿನಕ್ಕೆ ಕೆಟ್ಟಿದೆ, ಬಿಲ್ಲಿನಲ್ಲಿ ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಅಚ್ಚಾಗಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಮಿಕ್ಸಿ ಬದಲಾಯಿತು!

ನೀವು ಹೇಳಿದ ಹಾಗೆ ಬಿಲ್ಲು, ವಾರಂಟಿ ಕಾರ್ಡು, ಒಂದು ವಿಡಿಯೋ ಹಿಡ್ಕೊಂಡು ಹೋದೆ. ವಿಡಿಯೋದಲ್ಲಿ ಜಾರಿನ ಅಡಿಯಿಂದ ಕೊದ್ದೆಲಿನ ಮಸಾಲೆ ಸೋರಿ ಮೋಟಾರಿನ ಮೇಲೆ ಇಳಿಯುವುದು ಚೆನ್ನಾಗಿ ಕಾಣುತ್ತಿತ್ತು. ಹಿಂದಿನಿಂದ ಅಮ್ಮ ಬೈಯುವುದೂ ಕೇಳುತ್ತಿತ್ತು. ಅಂಗಡಿಯವರು ಬಿಲ್ಲಿನ ಕೆಳಗಿನ ಸಾಲಿಗೆ ಬೆರಳಿಟ್ಟು, “ನಮ್ಮ ಕೈಯಲ್ಲಿ ಏನಿಲ್ಲ ಮಾರಾಯ್ರೆ, ಸರ್ವಿಸ್ ಸೆಂಟರಿಗೆ ಹೋಗಿ” ಅಂದರು.

ಜಗಳ ಆಡಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷ ಇರುವ ಮಾಲು ವಾಪಸ್ ತಗೊಂಡು ಹಣ ಕೊಡಲ್ಲ ಅನ್ನುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ 30 ದಿನ ಅಂತ ಲೆಕ್ಕ ಅಂದೆ. ಅವರು ನಕ್ಕರು. ಮನೆಗೆ ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಸಹಾಯವಾಣಿ ಕೋರ್ಟಲ್ಲ, ದೂರನ್ನು ಕಂಪನಿಗೆ ದಾಟಿಸುತ್ತದೆ ಅಷ್ಟೇ. ಆದರೂ ನಾಲ್ಕನೇ ದಿನ ಅಂಗಡಿಯಿಂದಲೇ ಫೋನ್ ಬಂತು!

ಹಣವೇ ಬೇಕಿತ್ತು, ಹೊಸ ಮಿಕ್ಸಿಗೆ ಒಪ್ಪಿಕೊಂಡೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವನಿದ್ದೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ.

ಒಬ್ಬರು ಸೀರೆಯ ಬಣ್ಣ ಹಿಡಿಸದಿದ್ದರೂ ಇದೇ ನಿಯಮವಾ ಅಂತ ಕೇಳಿದ್ದರು. ಇಲ್ಲ, ಅದು ದೋಷ ಅಲ್ಲ. ಅಂಗಡಿಯವರು ಒಪ್ಪಿದರೆ ಮಾತ್ರ.

ಅಮ್ಮ ಈಗಲೂ ಜಾರಿನ ಅಡಿಗೆ ಬಟ್ಟೆ ಹಾಸಿಯೇ ಅರೆಯುತ್ತಾರೆ.