ಅತ್ತೆಯ ಗಾದೆಗೆ ಸೊಸೆ ಏನೆನ್ನಬೇಕು?

ಪುಣೆಯಲ್ಲಿ ಬೆಳೆದು ತುಮಕೂರಿಗೆ ಸೊಸೆಯಾಗಿ ಬಂದ ಓದುಗರೊಬ್ಬರು ಕಳೆದ ವಾರ ಬರೆದಿದ್ದರು: ‘ಅತ್ತೆ ಬೈಯುವುದಿಲ್ಲ, ಗಾದೆ ಹೇಳುತ್ತಾರೆ. ಒಲೆ ಸರಿಯಿಲ್ಲ, ಅದಕ್ಕೇ ಹಾಲು ಉಕ್ಕಿತು ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಾರೆ. ಗಂಡ ನಗುತ್ತಾರೆ. ಅರ್ಧ ಗಾದೆ ನನಗೆ ಅರ್ಥವಾಗುವುದಿಲ್ಲ. ಅರ್ಥವಾದ ಅರ್ಧ ರಾತ್ರಿಯಿಡೀ ಚುಚ್ಚುತ್ತದೆ. ಏನು ಮಾಡಲಿ?’

ತಂಗೀ, ಮೂವತ್ತು ವರ್ಷ ಸೊಸೆಯಾಗಿದ್ದು ಈಗ ಅತ್ತೆಯಾದವಳು ನಾನು. ನಮ್ಮತ್ತೆಯವರದೂ ಇದೇ ಬಾಯಿ. ಒಮ್ಮೆ ಅವರ ಕೈಜಾರಿ ಉಪ್ಪಿನಕಾಯಿ ಭರಣಿ ಒಡೆಯಿತು. ಅಡುಗೆಮನೆ ತುಂಬ ಮಾವಿನ ಹೋಳು, ಎಣ್ಣೆ, ಸಾಸಿವೆಯ ಘಾಟು. ಹಿಂದಿನ ವಾರವಷ್ಟೇ ನಾನೊಂದು ಲೋಟ ಒಡೆದು ಮೂರು ಗಾದೆ ಕೇಳಿಸಿಕೊಂಡಿದ್ದೆ. ಚೂರು ಆರಿಸುತ್ತ, ತಲೆಯೆತ್ತದೆ, ‘ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ’ ಎಂದುಬಿಟ್ಟೆ. ಎದೆ ಡವಡವ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ನೋಡಿದರೆ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ! ಚುಚ್ಚುವುದು ನಿಂತಿತೆಂದು ಸುಳ್ಳು ಹೇಳಲಾರೆ. ಆದರೆ ಅಂದಿನಿಂದ ಆಟಕ್ಕೆ ಇಬ್ಬರಾದೆವು. ನಾಲ್ಕು ಗಾದೆ ಕಲಿತುಕೋ.
– ಓದುಗರು, ಧಾರವಾಡ

ನಿವೃತ್ತ ಕನ್ನಡ ಮೇಷ್ಟರು ನಾನು. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದವರೇ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದೂ ಹೇಳಿದ್ದಾರೆ. ಗಾದೆ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಯಾರು ಯಾವುದನ್ನು ಎತ್ತಿಕೊಂಡರು ಎಂದಷ್ಟೇ ನೋಡಬೇಕು. ಇನ್ನು ಅರ್ಥದ ಮಾತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆಯಿರಿ, ಎಷ್ಟೋ ಪದಗಳ ಕೆಳಗೆ ಗಾದೆಗಳಿವೆ. ಜರ್ಮನಿಯಿಂದ ಬಂದ ಪಾದ್ರಿಗೆ ದಕ್ಕಿದ್ದು ಪುಣೆಯ ಕನ್ನಡತಿಗೆ ದಕ್ಕದೇ?
– ಓದುಗರು, ಹಾಸನ

ಎಲ್ಲರೂ ಅತ್ತೆಯ ಬಗ್ಗೆಯೇ ಬರೆಯುತ್ತಾರೆಂದು ಗೊತ್ತು. ನನಗೆ ಕಂಡದ್ದು ಆ ನಗುವ ಗಂಡ. ನಾನೂ ಹೀಗೆ ನಕ್ಕವನೇ. ಹೆಂಡತಿ ತವರಿಗೆ ಹೋಗಿ ಹದಿನೈದು ದಿನ ಫೋನ್ ಎತ್ತದಿದ್ದಾಗ ನಗು ನಿಂತಿತು. ಅಂದಹಾಗೆ, ಒಲೆ ನಿಜವಾಗಿಯೂ ಕೆಟ್ಟಿರಬಹುದಲ್ಲವೇ? ಮಹಾಶಯರು ಮೊದಲು ಬರ್ನರ್ ರಿಪೇರಿ ಮಾಡಿಸಲಿ.
– ಓದುಗರು, ಶಿವಮೊಗ್ಗ

ನಮ್ಮ ಕಡೆ ಅಜ್ಜಿಯರು ಹೇಳುವ ಕಥೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಕಥೆ, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು ಜೋಡಿ ಚಪ್ಪಲಿಯಾಗಿ ಬಾಗಿಲಲ್ಲಿ ಕುಳಿತಿತು. ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದವನೇ ‘ಯಾರು ಬಂದಿದ್ದರು?’ ಎಂದು ಜಗಳ ತೆಗೆದ. ಹೇಳದೆ ಉಳಿದದ್ದು ಹೀಗೆ ಬೇರೆ ವೇಷದಲ್ಲಿ ಹೊರಬರುತ್ತದೆ. ನಿಮ್ಮತ್ತೆಯನ್ನು ಒಮ್ಮೆ ಕೇಳಿ, ‘ಈ ಗಾದೆಯನ್ನು ನಿಮಗೆ ಯಾರು ಹೇಳಿದರು, ಅತ್ತೆ?’ ಎಂದು. ನಾನು ನಮ್ಮತ್ತೆಯವರನ್ನು ಹಾಗೆ ಕೇಳಿದ್ದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ‘ನನ್ನ ಅತ್ತೆ’ ಎಂದರು. ‘ಮದುವೆಯಾದ ಮೂರನೇ ದಿನ.’
– ಓದುಗರು, ಚಾಮರಾಜನಗರ